ಹೊರುವವನ ಬುತ್ತಿ

ತಿಂಗಳ ಮೊದಲ ವಾರದಲ್ಲಿ ನಾವೆಲ್ಲ ಎದುರುನೋಡುವ ‘ಸಂಬಳ’ಕ್ಕೂ ಹಣಕ್ಕೂ ಮೂಲದಲ್ಲಿ ಏನೂ ಸಂಬಂಧವಿರಲಿಲ್ಲವೆಂದರೆ ಓದುಗರಿಗೆ ಆಶ್ಚರ್ಯವಾದೀತು. ಸಂಸ್ಕೃತದಲ್ಲಿ ಶಂಬಲ ಅಥವಾ ಸಂಬಲವೆಂದರೆ ದಾರಿಯ ಬುತ್ತಿ. ಊರು ಬಿಟ್ಟು ಹೊರಟವನು ಹೆಗಲ ಮೇಲಿನ ಗಂಟಿನಲ್ಲಿ ಕಟ್ಟಿಕೊಂಡ ಆಹಾರವೇ ಅವನ ಸಂಬಳ. ಹಿಂದಿಯಲ್ಲಿ ಈ ಶಬ್ದ ‘ಆಸರೆ’ ಎಂಬ ಅರ್ಥದಲ್ಲಿ ಇಂದಿಗೂ ಉಳಿದಿದೆ. ದಂಡಿಗೋ ದೂರದ ಕೆಲಸಕ್ಕೋ ಹೊರಟವನಿಗೆ ಒಡೆಯನು ಅಳೆದು ಕೊಡುತ್ತಿದ್ದ ಧಾನ್ಯವೇ ಕಾಲಕ್ರಮದಲ್ಲಿ ಕೂಲಿಯಾಗಿ, ಕೂಲಿ ನಾಣ್ಯವಾಗಿ, ಬುತ್ತಿಯ ಹೆಸರು ಮಾತ್ರ ಹಾಗೆಯೇ ನಿಂತಿರಬೇಕು.

ಆ ಹಳೆಯ ಸಂಬಳದಲ್ಲಿ ಏನಿರುತ್ತಿತ್ತು? ಕಾಡುಹಾದಿಯಲ್ಲಿ ನಾಲ್ಕಾರು ದಿನ ನಡೆಯಬೇಕಾದವನು, ಬೇಟೆಗೆ ಹೊರಟವನು, ಹೇರೆತ್ತಿನ ಹಿಂದೆ ಘಟ್ಟ ಹತ್ತುವವನು, ಯಾತ್ರೆಗೆ ಹೊರಟವನು, ಇವರೆಲ್ಲ ಏನನ್ನು ಕಟ್ಟಿಕೊಳ್ಳುತ್ತಿದ್ದರು? ಇದನ್ನು ತಿಳಿಯಲು ನಾನು ಮೊದಲು ಕೈಹಾಕಿದ್ದು ನಮ್ಮ ಪಾಕಗ್ರಂಥಗಳಿಗೆ. ಕನ್ನಡನಾಡಿನಲ್ಲಿ ಅವಕ್ಕೇನೂ ಬಡತನವಿಲ್ಲ. 1025ರ ಸುಮಾರಿಗೆ ಚಾವುಂಡರಾಯನು ಬರೆದ ‘ಲೋಕೋಪಕಾರ’ದಲ್ಲಿ ಅಡುಗೆಯ ಅಧ್ಯಾಯವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅನ್ನಭೋಗವೂ ಉಂಟು, ಬೇಟೆಯ ವಿನೋದವೂ ಉಂಟು. ಹದಿನಾರನೆಯ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸನು ‘ಸೂಪಶಾಸ್ತ್ರ’ವನ್ನು ಷಟ್ಪದಿಯಲ್ಲಿಯೇ ರಚಿಸಿದ. ಕೆಳದಿಯ ಬಸಪ್ಪನಾಯಕನು 1709ರ ಸುಮಾರಿಗೆ ಸಿದ್ಧಪಡಿಸಿದ ‘ಶಿವತತ್ತ್ವರತ್ನಾಕರ’ವೆಂಬ ಮಹಾಕೋಶದಲ್ಲಿಯೂ ಪಾಕಶಾಸ್ತ್ರಕ್ಕೆ ಸ್ಥಾನವಿದೆ.

ಆದರೆ ಇವೆಲ್ಲ ಕುಳಿತು ಉಣ್ಣುವವರ ಪುಸ್ತಕಗಳು. ಅರಸನು ಬೇಟೆಗೆ ಹೊರಟರೆ ಅವನ ಅಡುಗೆಮನೆಯೂ ಅವನೊಡನೆ ಹೊರಡುತ್ತಿತ್ತು. ಪಾತ್ರೆ, ಅಕ್ಕಿ, ತುಪ್ಪ, ಸೌದೆ, ಅಡುಗೆಯವರು ಎಲ್ಲವೂ ಇದ್ದವನಿಗೆ ಭಾರದ ಚಿಂತೆ ಯಾಕೆ? ಹಗುರವಾದ ಊಟದ ಅಗತ್ಯ ಬಿದ್ದದ್ದು ತನ್ನ ಹೊರೆಯನ್ನು ತಾನೇ ಹೊರುವವನಿಗೆ. ಅವನು ಗ್ರಂಥ ಬರೆಯಲಿಲ್ಲ. ಆದ್ದರಿಂದ ಬುತ್ತಿಯ ಚರಿತ್ರೆಯನ್ನು ಹುಡುಕುವವರು ಪುಸ್ತಕದ ಕಪಾಟನ್ನು ಮುಚ್ಚಿ, ಶಬ್ದಗಳಲ್ಲಿ, ದೇವರ ನೈವೇದ್ಯದಲ್ಲಿ, ಹಳೆಯ ಕಾಲುದಾರಿಗಳಲ್ಲಿ ಹುಡುಕಬೇಕಾಗುತ್ತದೆ. ಈ ಮೂರೂ ಒಂದೇ ಕಡೆ ದೊರೆಯುವ ಊರು ಕುಂಭಾಶಿ.

ಕುಂದಾಪುರದ ದಕ್ಷಿಣಕ್ಕೆ ಸುಮಾರು 9 ಕಿಲೋಮೀಟರು ದೂರದಲ್ಲಿ, ಈಗಿನ 66ನೆಯ ರಾಷ್ಟ್ರೀಯ ಹೆದ್ದಾರಿಯ ಪಕ್ಕದಲ್ಲೇ ಕುಂಭಾಶಿ ಇದೆ. ಆನೆಗುಡ್ಡೆಯ ವಿನಾಯಕನಿಂದ ಈ ಊರು ನಾಡಿಗೆಲ್ಲ ಪರಿಚಿತ. ಬರ ಬಂದಾಗ ಮಳೆಗಾಗಿ ಅಗಸ್ತ್ಯರು ಯಜ್ಞ ಮಾಡುತ್ತಿದ್ದರೆಂದೂ, ಅದನ್ನು ಕೆಡಿಸುತ್ತಿದ್ದ ಕುಂಭಾಸುರನನ್ನು ಗಣಪತಿ ಕೊಟ್ಟ ಖಡ್ಗದಿಂದ ಭೀಮಸೇನನು ಕೊಂದನೆಂದೂ, ‘ಕುಂಭ’ನೂ ‘ಅಸಿ’ಯೂ ಸೇರಿ ಊರಿನ ಹೆಸರಾಯಿತೆಂದೂ ಸ್ಥಳಪುರಾಣ ಹೇಳುತ್ತದೆ. ಪರಶುರಾಮ ಕ್ಷೇತ್ರದ ಏಳು ಮುಕ್ತಿಸ್ಥಳಗಳಲ್ಲಿ ಇದೂ ಒಂದು. ಉಡುಪಿ, ಸುಬ್ರಹ್ಮಣ್ಯ, ಕುಂಭಾಶಿ, ಕೋಟೇಶ್ವರ, ಶಂಕರನಾರಾಯಣ, ಕೊಲ್ಲೂರು, ಗೋಕರ್ಣ ಎಂದು ಇವನ್ನು ಎಣಿಸುತ್ತಾರೆ.

ಈ ಏಳರ ಪಟ್ಟಿಯನ್ನು ಇಂದು ಬಸ್ಸಿನಲ್ಲಿ ಕುಳಿತು ಓದುವವರಿಗೆ ಅದರ ಭಾರ ತಿಳಿಯುವುದಿಲ್ಲ. ನಡೆದು ನೋಡಿದರೆ ಅದೊಂದು ದೊಡ್ಡ ಪ್ರಯಾಣ. ಉಡುಪಿಯಿಂದ ಕುಂಭಾಶಿಗೆ ಸುಮಾರು 30 ಕಿಲೋಮೀಟರು. ನಡುವೆ ಸ್ವರ್ಣೆ, ಸೀತೆ ಎಂಬ ಎರಡು ಹೊಳೆಗಳು. ಸೇತುವೆಗಳಿಲ್ಲದ ಕಾಲದಲ್ಲಿ ಪ್ರತಿ ಹೊಳೆಯಲ್ಲಿಯೂ ದೋಣಿಗೆ ಕಾಯಬೇಕು. ಕುಂದಾಪುರ ದಾಟಿದರೆ ಪಂಚಗಂಗಾವಳಿಯ ವಿಶಾಲ ಅಳಿವೆ. ಮೂಡಲಿಗೆ ತಿರುಗಿದರೆ ಶಂಕರನಾರಾಯಣದಿಂದ ಮುಂದೆ ಸಿದ್ದಾಪುರ, ಹೊಸಂಗಡಿ. ಅಲ್ಲಿಂದ ನೇರ ಏರು, ಘಟ್ಟದ ಮೇಲೆ ನಗರ ಸೀಮೆ. ಕೆಳದಿಯವರ ಕಾಲದಲ್ಲಿ ಬಿದನೂರೆಂದು ಮೆರೆದ ರಾಜಧಾನಿ ಅದೇ. ಕರಾವಳಿಯ ಉಪ್ಪು, ಒಣಮೀನು, ತೆಂಗು ಎತ್ತಿನ ಬೆನ್ನಿನ ಮೇಲೆ ಹತ್ತುತ್ತಿದ್ದವು. ಮಲೆನಾಡಿನ ಅಡಕೆ, ಮೆಣಸು ಬಸರೂರಿನ ಬಂದರಿಗೆ ಇಳಿಯುತ್ತಿದ್ದವು. ಎತ್ತಿನ ಬೆನ್ನಿನ ಮೇಲಿನದು ಸಾಹುಕಾರನ ಸರಕು. ಹೊಡೆಯುವವನ ಅನ್ನ ಮಾತ್ರ ಅವನ ಹೆಗಲಿನ ಮೇಲೆ.

ಈಗ ಸ್ವಲ್ಪ ಲೆಕ್ಕ ಮಾಡೋಣ. ಬೇಯಿಸಿದ ಅನ್ನದಲ್ಲಿ ನೂರಕ್ಕೆ ಸುಮಾರು 70 ಭಾಗ ನೀರು. ಒಂದು ಕಿಲೋ ಅನ್ನವನ್ನು ಕಟ್ಟಿಕೊಂಡು ಹೊರಟವನು ವಾಸ್ತವವಾಗಿ ಹೊರುತ್ತಿರುವುದು 300 ಗ್ರಾಂ ಅಕ್ಕಿ, 700 ಗ್ರಾಂ ನೀರು. ದಾರಿಯುದ್ದಕ್ಕೂ ಹಳ್ಳತೊರೆಗಳು ಹರಿಯುತ್ತಿರುವ ಘಟ್ಟದಲ್ಲಿ ನೀರನ್ನು ಅನ್ನದ ರೂಪದಲ್ಲಿ ಹೊರುವುದು ಮೂರ್ಖತನ. ಜತೆಗೆ ಆ ನೀರೇ ಅನ್ನವನ್ನು ಮಾರನೆಯ ದಿನ ಹಳಸಿಸುತ್ತದೆ. ಹಾಗೆಂದು ಹಸಿ ಅಕ್ಕಿಯನ್ನು ಒಯ್ದರೆ ಪಾತ್ರೆ ಬೇಕು, ಬೆಂಕಿ ಬೇಕು, ಒಣ ಸೌದೆ ಬೇಕು. ಕರಾವಳಿಯ ಮಳೆಗಾಲದಲ್ಲಿ ಕಾಡಿನೊಳಗೆ ಒಣ ಸೌದೆ ಹುಡುಕುವ ಕಷ್ಟ ಅನುಭವಿಸಿದವರಿಗೇ ಗೊತ್ತು. ಬೇಟೆಗಾರನಿಗಂತೂ ಹೊಗೆ ಶತ್ರು; ಗಾಳಿಯಲ್ಲಿ ಹೊಗೆಯ ವಾಸನೆ ಹರಡಿದರೆ ಮೃಗ ಆ ಕಡೆ ಸುಳಿಯುವುದಿಲ್ಲ.

ಆದ್ದರಿಂದ ಬುತ್ತಿಯ ಸಮಸ್ಯೆ ಇದು: ಮೊದಲೇ ಬೆಂದಿರಬೇಕು, ಆದರೆ ನೀರಿರಬಾರದು. ಈ ಸಮಸ್ಯೆಗೆ ನಮ್ಮ ನಾಡು ಕಂಡುಕೊಂಡ ಉತ್ತರದ ಹೆಸರು ಅವಲಕ್ಕಿ.

ಅವಲಕ್ಕಿ ಮಾಡುವ ಕ್ರಮವನ್ನು ಗಮನಿಸಿ. ಬತ್ತವನ್ನು ನೀರಿನಲ್ಲಿ ನೆನೆಹಾಕಿ, ಬಸಿದು, ಕಾದ ಓಡಿನಲ್ಲಿ ಹುರಿಯುತ್ತಾರೆ. ಕಾಳು ಹೀರಿದ ನೀರೇ ಒಳಗೆ ಹಬೆಯಾಗಿ ಅದರ ಪಿಷ್ಟವನ್ನು ಬೇಯಿಸುತ್ತದೆ. ಬಿಸಿಯಾಗಿ, ಮೆತ್ತಗಿರುವಾಗಲೇ ಒರಳಿಗೆ ಸುರಿದು ಕುಟ್ಟಬೇಕು. ಆರಿದರೆ ಕಾಳು ಚಪ್ಪಟೆಯಾಗದೆ ನುಚ್ಚಾಗುತ್ತದೆ. ಎದುರುಬದುರು ನಿಂತ ಹೆಂಗಸರ ಒನಕೆಗಳು ಒಂದಕ್ಕೊಂದು ತಾಗದಂತೆ ಏರಿ ಇಳಿಯಬೇಕು. ಕೊನೆಗೆ ಗೆರಸೆಯಲ್ಲಿ ಕೇರಿ ಹೊಟ್ಟು ತೆಗೆದರೆ ಉಳಿಯುವುದು ಬೆಂದ, ಒಣಗಿದ, ಚಪ್ಪಟೆಯಾದ ಅಕ್ಕಿ. ಚಪ್ಪಟೆಯಾದುದರಿಂದ ಬೇಗ ನೀರು ಹೀರುತ್ತದೆ. ಹಳ್ಳದ ನೀರನ್ನು ಚಿಮುಕಿಸಿ, ಕಾಲು ತೊಳೆದು ಬರುವಷ್ಟರಲ್ಲಿ ಊಟ ಸಿದ್ಧ. ಒಣ ಅವಲಕ್ಕಿಯ 100 ಗ್ರಾಮಿನಲ್ಲಿ ಸುಮಾರು 350 ಕ್ಯಾಲೊರಿ ಶಕ್ತಿ ಇದ್ದರೆ ಅಷ್ಟೇ ತೂಕದ ಅನ್ನದಲ್ಲಿ 130ರಷ್ಟು ಮಾತ್ರ. ದಿನವಿಡೀ ಏರುವವನಿಗೆ 3000 ಕ್ಯಾಲೊರಿ ಬೇಕೆಂದಿಟ್ಟುಕೊಂಡರೆ ಅನ್ನವಾದರೆ 2.3 ಕಿಲೋ ಹೊರಬೇಕು. 400 ಗ್ರಾಂ ಅವಲಕ್ಕಿ, 150 ಗ್ರಾಂ ಬೆಲ್ಲ, 150 ಗ್ರಾಂ ಕೊಬ್ಬರಿಯಾದರೆ ಒಟ್ಟು 700 ಗ್ರಾಮಿನಲ್ಲಿ ಅದೇ ಶಕ್ತಿ ದೊರೆಯುತ್ತದೆ. ಘಟ್ಟ ಹತ್ತುವವನ ಹೆಗಲಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಈ ವಿದ್ಯೆ ಎಷ್ಟು ಹಳೆಯದೆಂಬುದಕ್ಕೆ ಭಾಷೆಯೇ ಸಾಕ್ಷಿ. ತಮಿಳು, ಮಲೆಯಾಳಗಳಲ್ಲಿ ಇದನ್ನು ‘ಅವಲ್’ ಎನ್ನುತ್ತಾರೆ. ನಮ್ಮದರಲ್ಲಿ ಅದಕ್ಕೆ ‘ಅಕ್ಕಿ’ ಸೇರಿದೆ. ಭಾಗವತದ ದಶಮಸ್ಕಂಧದಲ್ಲಿ ಕುಚೇಲನ ಹೆಂಡತಿ ನೆರೆಮನೆಗಳಲ್ಲಿ ಬೇಡಿ ತಂದು ಹರಕು ಬಟ್ಟೆಯಲ್ಲಿ ಕಟ್ಟಿಕೊಟ್ಟದ್ದು ನಾಲ್ಕು ಹಿಡಿ ಅವಲಕ್ಕಿ. ಭಕ್ತಿಯ ದೃಷ್ಟಿಯಿಂದ ಆ ಕಥೆಯನ್ನು ನಾವು ಬಹಳ ಕೇಳಿದ್ದೇವೆ. ಗೃಹಿಣಿಯ ದೃಷ್ಟಿಯಿಂದ ನೋಡಿದರೆ, ದ್ವಾರಕೆಯವರೆಗೆ ನಡೆಯಬೇಕಾದ ಬಡವನ ಕೈಯಲ್ಲಿ ಹಳಸದೆ, ಸೋರದೆ, ಭಾರವಾಗದೆ ತಲಪಬಲ್ಲ ಪದಾರ್ಥ ಇನ್ನಾವುದಿತ್ತು? ಆ ತಾಯಿಯ ಆಯ್ಕೆಯಲ್ಲಿ ಬಡತನವಿದ್ದಂತೆ ತಿಳಿವಳಿಕೆಯೂ ಇತ್ತು ಎಂದು ನನಗೆ ತೋರುತ್ತದೆ.

ಅವಲಕ್ಕಿಯ ಸೋದರಿ ಅರಳು. ಕುಂದಾಪುರದ ಕಡೆ ಇದನ್ನು ಹೊದ್ಲು ಎನ್ನುತ್ತಾರೆ. ಬತ್ತವನ್ನು ಕಾದ ಓಡಿಗೆ ಹಾಕಿದಾಗ ಮಲ್ಲಿಗೆಯಂತೆ ಅರಳಿ ಸಿಪ್ಪೆ ಬಿಡುತ್ತದೆ. ತೂಕದಲ್ಲಿ ಇದಕ್ಕಿಂತ ಹಗುರವಾದುದಿಲ್ಲ. ಆದರೆ ಗಂಟು ಮಾತ್ರ ಆನೆಯ ಗಾತ್ರ! ಆದ್ದರಿಂದ ದೂರ ಹೋಗುವವರಿಗೆ ಅರಳನ್ನು ಹಾಗೆಯೇ ಒಯ್ಯುವುದಕ್ಕಿಂತ ಹಿಟ್ಟು ಮಾಡಿ, ಬೆಲ್ಲದೊಡನೆ ಕಲಸಿ, ಮುದ್ದೆ ಕಟ್ಟುವುದು ಅನುಕೂಲ. ಬಯಲುಸೀಮೆಯ ಹುರಿಹಿಟ್ಟು, ತಂಬಿಟ್ಟುಗಳ ಯುಕ್ತಿಯೂ ಇದೇ.

ಈಗ ಆನೆಗುಡ್ಡೆಯ ಗಣಪತಿಯ ಮುಂದೆ ನಿಲ್ಲೋಣ. ಅವನಿಗೆ ಪ್ರಿಯವಾದ ಪಂಚಕಜ್ಜಾಯದಲ್ಲಿ ಏನೇನಿರುತ್ತದೆ? ಹುರಿದ ಕಡಲೆ ಅಥವಾ ಹೆಸರು, ಇಲ್ಲವೆ ಅರಳು ಅವಲಕ್ಕಿ. ಬೆಲ್ಲ, ಎಳ್ಳು, ಕೊಬ್ಬರಿ ಅಥವಾ ಕಾಯಿತುರಿ, ತುಪ್ಪ, ಏಲಕ್ಕಿ. ಮನೆಮನೆಗೆ ಪಾಕ ಬೇರೆಯಾದರೂ ಗುಣ ಒಂದೇ. ಧಾನ್ಯ ಹಸಿವನ್ನು ನೀಗುತ್ತದೆ. ಬೆಲ್ಲ ಬೇಗ ಬಲ ಕೊಡುತ್ತದೆ. ಎಳ್ಳು, ಕೊಬ್ಬರಿ, ತುಪ್ಪಗಳ ಜಿಡ್ಡು ಬಹಳ ಹೊತ್ತು ಹೊಟ್ಟೆಯನ್ನು ಹಿಡಿದಿಡುತ್ತದೆ. ಇವುಗಳಲ್ಲಿ ನೀರು ಬೆರೆತಿಲ್ಲ. ಹಸಿ ಕಾಯಿ ಹಾಕಿದರೆ ಅದೇ ದಿನ ತಿನ್ನಬೇಕು. ಕೊಬ್ಬರಿ ಹಾಕಿದರೆ ದಿನಗಟ್ಟಲೆ ಇಡಬಹುದು. ಪಶ್ಚಿಮದ ಚಾರಣಿಗರು ಈಗ ಜೇಬಿನಲ್ಲಿಟ್ಟುಕೊಳ್ಳುವ ಕಾಳು, ಒಣಹಣ್ಣು, ಸಿಹಿಯ ಮಿಶ್ರಣಕ್ಕೂ ನಮ್ಮ ಗಣಪತಿಯ ಪ್ರಸಾದಕ್ಕೂ ಹೆಚ್ಚು ಅಂತರವಿಲ್ಲ. ದೇವರ ಪ್ರಸಾದವನ್ನು ಯಾತ್ರಿಕನು ಮನೆಗೆ ಒಯ್ಯಬೇಕು. ಮನೆ ಎಷ್ಟು ದಿನದ ದಾರಿಯೋ ಅಷ್ಟು ದಿನ ಅದು ಕೆಡಬಾರದು. ಯಾತ್ರೆಯ ಈ ಅಗತ್ಯವೇ ನೈವೇದ್ಯದ ಪಾಕವನ್ನೂ ತಿದ್ದಿರಬೇಕೆಂಬುದು ನನ್ನ ಊಹೆ.

ಜಗತ್ತಿನ ಬೇರೆ ನಡೆಯುವವರೂ ಇದೇ ತೀರ್ಮಾನಕ್ಕೆ ಬಂದರು. ಬುದ್ಧನಿಗೆ ಜ್ಞಾನೋದಯವಾದ ಮೇಲೆ ಆಹಾರ ಕೊಟ್ಟ ತಪುಸ್ಸ, ಭಲ್ಲಿಕರು ದೂರದೇಶದ ದಾರಿಯಲ್ಲಿದ್ದ ವರ್ತಕರು. ಅವರು ಕೊಟ್ಟದ್ದು ಹಿಟ್ಟು ಮತ್ತು ಜೇನಿನ ಉಂಡೆ, ಎಂದರೆ ತಮ್ಮ ಬುತ್ತಿಯನ್ನೇ. ಮಂಗೋಲ ಸವಾರನು ಸುಮಾರು 10 ಪೌಂಡು ಒಣಗಿಸಿದ ಹಾಲನ್ನು ಒಯ್ಯುತ್ತಿದ್ದನೆಂದೂ, ಬೆಳಿಗ್ಗೆ ಅರ್ಧ ಪೌಂಡನ್ನು ತೊಗಲಿನ ಚೀಲದಲ್ಲಿ ನೀರಿಗೆ ಹಾಕಿ, ಕುದುರೆಯ ಕುಲುಕಾಟದಲ್ಲಿ ಅದು ತಾನೇ ಕಡೆದುಕೊಳ್ಳುತ್ತಿತ್ತೆಂದೂ ಮಾರ್ಕೊ ಪೋಲೊ ಬರೆದಿದ್ದಾನೆ. ಉತ್ತರ ಅಮೆರಿಕದ ಮೂಲನಿವಾಸಿಗಳು ಒಣಮಾಂಸವನ್ನು ಪುಡಿಮಾಡಿ ಕೊಬ್ಬಿನೊಡನೆ ಕಲಸಿ ‘ಪೆಮ್ಮಿಕನ್’ ಮಾಡಿದರು. ದಕ್ಷಿಣ ಧ್ರುವಕ್ಕೆ ಹೋದವರೂ ಅದನ್ನೇ ನಂಬಿದರು. ಆದರೆ ಹೊರುವ ಶಕ್ತಿಗೂ ಒಂದು ಮಿತಿಯುಂಟು. 1912ರಲ್ಲಿ ಧ್ರುವದಿಂದ ಹಿಂದಿರುಗುತ್ತಿದ್ದ ಕ್ಯಾಪ್ಟನ್ ಸ್ಕಾಟ್ ಮತ್ತು ಅವನ ಇಬ್ಬರು ಸಂಗಡಿಗರು, ಆಹಾರ ಕೂಡಿಟ್ಟಿದ್ದ ಮುಂದಿನ ಠಾಣೆ ಕೇವಲ 11 ಮೈಲಿ ದೂರದಲ್ಲಿರುವಾಗ ಗುಡಾರದಲ್ಲಿಯೇ ಪ್ರಾಣ ಬಿಟ್ಟರು.

ನಮ್ಮ ಘಟ್ಟವೂ ಇಂಥ ಪಾಠವನ್ನು ಕಲಿಸಿದ್ದುಂಟು. 1783ರ ಆರಂಭದಲ್ಲಿ ಇಂಗ್ಲಿಷರ ಜನರಲ್ ಮ್ಯಾಥ್ಯೂಸನು ಕುಂದಾಪುರವನ್ನು ಹಿಡಿದು, ಹೊಸಂಗಡಿ ಘಾಟಿಯನ್ನೇರಿ ಬಿದನೂರನ್ನು ವಶಪಡಿಸಿಕೊಂಡ. ಏರುವುದು ಸುಲಭವಾಯಿತು, ಏರಿದ ಮೇಲೆ ಸೈನ್ಯಕ್ಕೆ ಅನ್ನ, ಮದ್ದುಗುಂಡು ಬರಬೇಕಾದದ್ದು ಮಾತ್ರ ಅದೇ ಕರಾವಳಿಯ ಏರುದಾರಿಯಿಂದ. ಟಿಪ್ಪು ಬಂದವನು ಬಿದನೂರಿಗೆ ಮುತ್ತಿಗೆ ಹಾಕಿದ್ದಷ್ಟೇ ಅಲ್ಲ, ಘಟ್ಟದ ತಲೆಯ ಹೈದರಗಡವನ್ನು ಹಿಡಿದು ಆ ದಾರಿಯನ್ನೂ ಕತ್ತರಿಸಿದ. ಏಪ್ರಿಲ್ ತಿಂಗಳ ಕೊನೆಯ ಹೊತ್ತಿಗೆ ಮ್ಯಾಥ್ಯೂಸನು ಕೋಟೆಯನ್ನು ಒಪ್ಪಿಸಬೇಕಾಯಿತು.

ಇಷ್ಟರವರೆಗೆ ಬುತ್ತಿಯ ಜಾಣತನವನ್ನು ಹೇಳಿದೆ. ಅದರ ಇನ್ನೊಂದು ಮುಖವನ್ನು ಹೇಳದಿದ್ದರೆ ಚರಿತ್ರೆ ಅರ್ಧವಾಗುತ್ತದೆ.

ನಮ್ಮ ದಾರಿಗಳಲ್ಲಿ ಮನೆಗಳಿರಲಿಲ್ಲವೆ? ಛತ್ರಗಳಿರಲಿಲ್ಲವೆ? ಇದ್ದವು. ಬಿಸಿಲಲ್ಲಿ ಬಂದವನಿಗೆ ‘ಆಸ್ರಿಗೆ ಬೇಕಾ’ ಎಂದು ಕೇಳಿ ಬೆಲ್ಲದ ತುಂಡು, ತಂಬಿಗೆ ನೀರು ಕೊಡುವ ಸೌಜನ್ಯ ಕರಾವಳಿಯ ಮನೆಗಳ ಹೆಮ್ಮೆ. ಆದರೆ ಜಗಲಿಯ ಮೇಲೆ ಕೂರಬಹುದಾದವರು ಯಾರು, ಅಂಗಳದಲ್ಲಿ ನಿಲ್ಲಬೇಕಾದವರು ಯಾರು, ಅಂಗಳಕ್ಕೂ ಬರಕೂಡದವರು ಯಾರು ಎಂಬುದು ಮೊದಲೇ ಗೊತ್ತಾಗಿತ್ತು. ಮಡಿಯವರು ದಾರಿಯಲ್ಲಿ ಕಂಡವರ ಮನೆಯ ಅನ್ನವನ್ನು ಮುಟ್ಟುತ್ತಿರಲಿಲ್ಲ. ನೀರಿನಲ್ಲಿ ಬೆಂದದ್ದು ಮುಸುರೆ; ಹುರಿದದ್ದಕ್ಕೆ ಆ ದೋಷವಿಲ್ಲವೆಂದು ಅವರು ಅವಲಕ್ಕಿ ಅರಳುಗಳನ್ನು ಗಂಟು ಕಟ್ಟಿದರು. ಅವರ ಬುತ್ತಿಗೆ ಕಾರಣ ಅವರ ನಿರಾಕರಣೆ. ಅದೇ ದಾರಿಯಲ್ಲಿ ನಡೆದ ಅಸ್ಪೃಶ್ಯನೂ ಬುತ್ತಿ ಕಟ್ಟಿದ. ಛತ್ರದ ಬಾಗಿಲು ಅವನಿಗೆ ತೆರೆಯುತ್ತಿರಲಿಲ್ಲ, ಬಾವಿಯ ನೀರೂ ಅವನದಾಗಿರಲಿಲ್ಲ. ಅವನ ಬುತ್ತಿಗೆ ಕಾರಣ ಇತರರ ನಿರಾಕರಣೆ. ಇಬ್ಬರ ಗಂಟಿನಲ್ಲಿಯೂ ಅವಲಕ್ಕಿಯೇ ಇದ್ದಿರಬಹುದು; ಎರಡು ಗಂಟುಗಳ ಭಾರ ಮಾತ್ರ ಒಂದೇ ಅಲ್ಲ. ಹೋಟೆಲು, ಬಾವಿ, ರಸ್ತೆಗಳಿಗೆ ಎಲ್ಲರಿಗೂ ಪ್ರವೇಶದ ಹಕ್ಕನ್ನು ನಮ್ಮ ಸಂವಿಧಾನ 15ನೆಯ ಅನುಚ್ಛೇದದಲ್ಲಿ ಹೇಳಿದ್ದು 1950ರಲ್ಲಿ. ಆ ಹಕ್ಕಿಗೆ ಅಡ್ಡಿಮಾಡಿದವರನ್ನು ಶಿಕ್ಷಿಸುವ ಅಸ್ಪೃಶ್ಯತಾ ಅಪರಾಧಗಳ ಕಾಯಿದೆ ಬಂದದ್ದು 1955ರಲ್ಲಿ.

‘ಸಂಬಳ’ದ ಜತೆಗೆ ಓದಬೇಕಾದ ಇನ್ನೊಂದು ಶಬ್ದ ‘ಬಿಟ್ಟಿ’. ಇಂದು ನಾವು ಪುಕ್ಕಟೆ ಎಂಬ ಅರ್ಥದಲ್ಲಿ ಇದನ್ನು ನಗುತ್ತ ಬಳಸುತ್ತೇವೆ. ಶಾಸನಗಳಲ್ಲಿ ಇದು ನಗುವ ಮಾತಲ್ಲ. ಕೂಲಿಯಿಲ್ಲದೆ ಒಡೆಯನ ಹೊರೆ ಹೊರುವ ಕಡ್ಡಾಯದ ದುಡಿಮೆಯೇ ಬಿಟ್ಟಿ, ಸಂಸ್ಕೃತದಲ್ಲಿ ವಿಷ್ಟಿ. ದತ್ತಿ ಕೊಡುವಾಗ ‘ಬಿಟ್ಟಿಯಿಂದ ಮುಕ್ತ’ ಎಂದು ಬರೆಯಿಸಿಕೊಳ್ಳುವುದು ದೊಡ್ಡ ಸವಲತ್ತಾಗಿತ್ತು. ಅರಸರು ಹೋಗಿ ಇಂಗ್ಲಿಷರು ಬಂದ ಮೇಲೆಯೂ ಹೊರೆಯ ಪದ್ಧತಿ ಒಮ್ಮೆಗೇ ಹೋಗಲಿಲ್ಲ. ಹಿಮಾಲಯದ ಕುಮಾವೂಁ ಸೀಮೆಯಲ್ಲಿ ಸಾಹೇಬರ ಬೇಟೆ, ಪ್ರವಾಸಗಳ ಸಾಮಾನನ್ನು ಹಳ್ಳಿಗರು ಸರದಿಯ ಮೇಲೆ ಹೊರಬೇಕಾಗಿತ್ತು. 1921ರ ಜನವರಿಯಲ್ಲಿ ಬಾಗೇಶ್ವರದ ಜಾತ್ರೆಯಲ್ಲಿ ಜನ ಆ ಸರದಿಯ ಪಟ್ಟಿಗಳನ್ನು ಸರಯೂ ನದಿಗೆ ಎಸೆದ ಮೇಲೆಯೇ ಆ ಅನ್ಯಾಯ ನಿಂತಿತು. ಭಾರವಾದ ಊಟ ರುಚಿಯಾಗಿರುವುದು ಇನ್ನೊಬ್ಬರು ಹೊತ್ತಾಗ. ಅವಲಕ್ಕಿಯ ಗಂಟಾದರೂ ಪೂರ್ತಿ ನಿರ್ದೋಷಿಯಲ್ಲ. ನಡೆಯುವ ಗಂಡಸಿನ ಹೆಗಲು ಹಗುರವಾಗುವ ಮೊದಲು ಮನೆಯ ಹೆಂಗಸರ ರಟ್ಟೆ ಒನಕೆಯ ಕೆಳಗೆ ಆ ಭಾರವನ್ನು ತೀರಿಸಿರುತ್ತಿತ್ತು. ಅವಲಕ್ಕಿಯ ಯಂತ್ರಗಳು ಬಂದಾಗ ರುಚಿ ಹೋಯಿತೆಂದು ಹಲವರು ಮರುಗಿದರು. ಒನಕೆ ಹಿಡಿದಿದ್ದವರಲ್ಲಿ ಹಾಗೆ ಮರುಗಿದವರು ಕಡಿಮೆಯೆಂದು ನಾನು ಭಾವಿಸುತ್ತೇನೆ.

ದಾರಿ ಬದಲಾದಂತೆ ಬುತ್ತಿಯೂ ಬದಲಾಯಿತು. ಸೇತುವೆಗಳು ಬಂದವು, ಬಸ್ಸು ಬಂತು, ಉಡುಪಿ, ಕುಂದಾಪುರದ ಕಡೆಯವರೇ ದೇಶದುದ್ದಕ್ಕೂ ಹೋಟೆಲು ತೆರೆದು, ಇತರರು ಬುತ್ತಿ ಕಟ್ಟಿಕೊಳ್ಳುವ ತೊಂದರೆಯನ್ನು ತಪ್ಪಿಸಿದರು. ಉತ್ತರ ಕರ್ನಾಟಕದಲ್ಲಿ ಮಾತ್ರ ಯುಗಾದಿಯ ಮೊದಲು ಶ್ರೀಶೈಲಕ್ಕೆ ಕಾಲ್ನಡಿಗೆಯಲ್ಲಿ ಹೊರಡುವ ಭಕ್ತರು ಇಂದಿಗೂ ಕಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನು ಮರೆತಿಲ್ಲ. ಅಲ್ಲಿ ಜೋಳದ ರೊಟ್ಟಿಯನ್ನು ಒಣಗಿಸಿ ನೀರು ಕಳೆಯುತ್ತಾರೆ. ಇಲ್ಲಿ ಬತ್ತವನ್ನು ಹುರಿದು ಕಳೆಯುತ್ತಾರೆ. ಸೂತ್ರ ಒಂದೇ. ಆ ಸೂತ್ರವನ್ನು ಪ್ರಯೋಗಶಾಲೆಗೆ ಒಯ್ದದ್ದೂ ನಮ್ಮ ನಾಡಿನಲ್ಲೇ. ಮೈಸೂರಿನ ಚೆಲುವಾಂಬ ವಿಲಾಸದಲ್ಲಿ 1950ರಲ್ಲಿ ಕೇಂದ್ರ ಆಹಾರ ಸಂಶೋಧನಾಲಯ ಆರಂಭವಾಯಿತು; 1961ರಲ್ಲಿ ಅದೇ ಊರಿನಲ್ಲಿ ರಕ್ಷಣಾ ಆಹಾರ ಸಂಶೋಧನಾಲಯ ಹುಟ್ಟಿತು. ಹಿಮದ ಗಡಿಯಲ್ಲಿರುವ ಯೋಧನು ಬಿಸಿನೀರು ಹಾಕಿಕೊಂಡು ತಿನ್ನಬಹುದಾದ ಆಹಾರಗಳನ್ನು ಅಲ್ಲಿ ರೂಪಿಸಿದರು. 1984ರಲ್ಲಿ ರಾಕೇಶ್ ಶರ್ಮಾ ಬಾಹ್ಯಾಕಾಶಕ್ಕೆ ಹೋದಾಗ ಒಯ್ದ ಭಾರತೀಯ ಆಹಾರವೂ ಆ ಸಂಸ್ಥೆಯದೇ. ಭೂಮಿಯನ್ನು ಬಿಟ್ಟು ಹೋಗುವವನಿಗೂ ಅದೇ ಲೆಕ್ಕ: ಮೊದಲೇ ಬೆಂದಿರಬೇಕು, ಹೊರೆ ಕಡಿಮೆಯಿರಬೇಕು, ಕೆಡಬಾರದು.

1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ನಂತರ ನಮ್ಮ ಘಟ್ಟದ ಕಾಡುಗಳಲ್ಲಿ ಬೇಟೆಯ ಬುತ್ತಿಗೆ ಎಡೆಯಿಲ್ಲ, ಇಲ್ಲದಿರುವುದೇ ಲೇಸು. ಅದರ ಬದಲು ಈಗ ಚಾರಣದ ಬುತ್ತಿ ಬಂದಿದೆ. ಕೊಲ್ಲೂರಿನ ಮೇಲಿನ 1343 ಮೀಟರು ಎತ್ತರದ ಕೊಡಚಾದ್ರಿಗೆ ರಜೆಯ ದಿನಗಳಲ್ಲಿ ಪಟ್ಟಣದ ತರುಣರು ಬೆನ್ನುಚೀಲ ಹೊತ್ತು ಹತ್ತುತ್ತಾರೆ. ಯಾರೂ ಅವರನ್ನು ಬಲವಂತಪಡಿಸಿಲ್ಲ. ಯಾವ ಮನೆಯ ಬಾಗಿಲೂ ಅವರಿಗೆ ಮುಚ್ಚಿಲ್ಲ. ತಮ್ಮ ಹೊರೆಯನ್ನು ತಾವೇ ಹೊರುತ್ತಾರೆ. ಘಟ್ಟದ ದಾರಿಯ ಚರಿತ್ರೆಯನ್ನು ಬಲ್ಲವರಿಗೆ ಇದು ಸಂತೋಷದ ನೋಟ. ಅವರಿಗೆ ನಾನು ಹೇಳುವುದು ಇಷ್ಟೆ. ಹಿಂದಿನವರು ಬುತ್ತಿಯನ್ನು ಬಾಡಿಸಿದ ಬಾಳೆಲೆಯಲ್ಲೋ ಅಡಕೆಯ ಹಾಳೆಯಲ್ಲೋ ಕಟ್ಟುತ್ತಿದ್ದರು. ಉಂಡು ಬಿಟ್ಟದ್ದನ್ನು ಒಂದು ಮಳೆಗಾಲ ಮಣ್ಣು ಮಾಡುತ್ತಿತ್ತು. ಈಗಿನ ಮಿರುಗುವ ಪೊಟ್ಟಣವನ್ನು ಯಾವ ಮಳೆಗಾಲವೂ ಕರಗಿಸದು. ತುಂಬಿದಾಗ ಹೊತ್ತು ತಂದದ್ದನ್ನು ಬರಿದಾದ ಮೇಲೆ ಹೊತ್ತೊಯ್ಯುವುದು ಕಷ್ಟವಲ್ಲ. ಬೆಟ್ಟದ ಮೇಲೆ ಬಿಟ್ಟು ಬಂದರೆ, ಅದನ್ನು ಇಳಿಸುವ ಬಿಟ್ಟಿ ಇನ್ನಾರದೋ ಹೆಗಲಿಗೆ ಬೀಳುತ್ತದೆ.